ಕಬ್ಬಿನ ಫಡಕ್ಕೆ ಹೋದ ನಮ್ಮ ಜಗಳ

ಸಿದ್ದು, ಗೌರಿ,

ಮೊನ್ನೆ ಊಟಕ್ಕೆ ಕೂತಾಗ ನೀವು ಕೇಳಿದಿರಿ, "ಆಯಿ, ನೀ ಇಲೆಕ್ಷನ್‌ದಾಗ ಫೋನಿನ ಕೆಲಸ ಮಾಡಿದ್ದೆಂತಲ್ಲ, ಖರೇನು?" ನಾನು "ಹೂಂ" ಅಂದು ರೊಟ್ಟಿ ಬಡಿಯಲು ಎದ್ದುಬಿಟ್ಟೆ. ಬಾಯಿಂದ ಹೇಳುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ಬರೆದರೆ ಬರುತ್ತದೆ. ಏಳನೇ ಇಯತ್ತೆಯ ತನಕ ಊರ ಸಾಲಿಯಲ್ಲಿ ಕಲಿತ ಅಕ್ಷರ. ತಪ್ಪಿದ್ದಲ್ಲಿ ನೀವೇ ತಿದ್ದಿಕೊಂಡು ಓದಿ.

ಆಗ ನೀವು ಇನ್ನೂ ಹುಟ್ಟಿರಲಿಲ್ಲ. ತಾಲ್ಲೂಕು ಪಂಚಾಯ್ತಿಗೆ ನಮ್ಮ ಭಾಗದ ಸೀಟು ಹೆಣ್ಣುಮಕ್ಕಳಿಗೆ ಬಂದಿತ್ತು. ನಿಂತವಳು ನಿಮ್ಮ ಸಣ್ಣಾಯಿ, ಅಂದರೆ ನಿಮ್ಮಜ್ಜನ ತಮ್ಮನ ಹೆಂಡತಿ, ನನ್ನ ನೆಗೆಣ್ಣಿ. ಯಾವ ಪಕ್ಷದ ಬೆನ್ನೂ ಇಲ್ಲದೆ ನಿಂತಳು. ಗುರುತು ಹೊಲಿಗೆ ಯಂತ್ರ. ಆಕೆಗೆ ಬೇಕಿದ್ದದ್ದು ಒಂದೇ: ಕಬ್ಬು ಕಡಿಯಲು ಹೋಗುವವರ ಮಕ್ಕಳು ಊರಲ್ಲೇ ಉಳಿದು ಸಾಲಿ ಕಲಿಯಲು ಒಂದು ವಸತಿ.

ಹಿಪ್ಪರಗಿ ಬ್ಯಾರೇಜಿನ ನೀರು, ಆಲಮಟ್ಟಿಯ ಹಿನ್ನೀರು ಸಿಕ್ಕ ಹೊಲಗಳೆಲ್ಲ ಕಬ್ಬಾಗಿದ್ದವು. ಸಾವಳಗಿ ಕಡೆಯ ನಮ್ಮ ಒಣ ಹೊಲದ ಮಂದಿಗೆ ನೀರು ಬರಲಿಲ್ಲ. ಅವರು ನೀರು ಬಂದವರ ಕಬ್ಬು ಕಡಿಯಲು ಮುಧೋಳ, ಬೀಳಗಿ ಕಡೆ ಹೋಗುತ್ತಿದ್ದರು. ದೀಪಾವಳಿ ಮುಗಿದ ಮೇಲೆ ಗಂಡ, ಹೆಂಡತಿ, ಮಕ್ಕಳು, ಆಡು, ಕೋಳಿ ಎಲ್ಲ ಒಂದೇ ಟ್ರ್ಯಾಕ್ಟರಿನಲ್ಲಿ. ಮಕ್ಕಳ ಹೆಸರು ಸಾಲಿಯ ಹಾಜರಿಯಲ್ಲಿ, ಮಕ್ಕಳು ಕಬ್ಬು ಕಡಿಯುವ ಹೊಲದಲ್ಲಿ, ಫಡದಲ್ಲಿ. ಚುನಾವಣೆ ಬಂದದ್ದೂ ಕಬ್ಬಿನ ಹಂಗಾಮಿನಲ್ಲೇ. ಸಣ್ಣಾಯಿಗೆ ಮನಸಾರೆ ಓಟು ಹಾಕುವವರು ಆ ಹೆಂಗಸರೇ, ಅವರೇ ಊರಲ್ಲಿಲ್ಲ. ಗಾಡಿ ಕಳಿಸಿ ಕರೆಸುವುದು ಕಾಯ್ದೆಗೆ ವಿರುದ್ಧ. ಒಂದು ದಿನದ ಕೂಲಿ ಬಿಟ್ಟು ಅವರಾಗಿಯೇ ಬರಬೇಕು. ಬಂದರೆ ಗೆಲುವು, ಇಲ್ಲದಿದ್ದರೆ ಇಲ್ಲ. ಇದು ನಮಗೆ ಮೊದಲ ದಿನವೇ ಗೊತ್ತಿತ್ತು.

ಮನೆಮನೆಗೆ ಹೋಗುವಾಗ ಸಣ್ಣಾಯಿ ನನ್ನನ್ನೂ ಕರೆದಳು. ನಿಮ್ಮಜ್ಜ ತೀರಿಕೊಂಡು ಬಹಳ ವರ್ಷವೇನೂ ಆಗಿರಲಿಲ್ಲ. ಒಳ್ಳೆಯ ಕೆಲಸಕ್ಕೆ ಹೊರಟವರ ಎದುರಿಗೆ ನಾನೇಕೆ ಅಂತ ಹಿಂದೆ ಸರಿದೆ.

"ಹಂಗಾರ ಫೋನ್ ಹಿಡಿ," ಅಂದಳು. "ಫೋನಿಗೆ ಹಣಿ ಕಾಣಾಂಗಿಲ್ಲ, ಕುಂಕುಮ ಕಾಣಾಂಗಿಲ್ಲ. ಮಂದಿಗೆ ನಾಚ್ಕೋತಿ, ಕಾಜಿಗೂ ನಾಚ್ಕೋತಿಯೇನು?"

ಹೀಗೆ ನನಗೆ ಆ ಕೆಲಸ ಬಂತು. ನಿಮ್ಮಪ್ಪ ಹೊಸದು ಕೊಂಡ ಮೇಲೆ ಬಿಟ್ಟ ಹಳೆಯ ಫೋನು, ಒಂದು ಮೂಲೆಯ ಕಾಜು ಒಡೆದದ್ದು. ಅದರಲ್ಲಿ ವಾಟ್ಸಪ್ಪು ನಡೆಸುವುದನ್ನು ನಿಮ್ಮಮ್ಮ ಕಲಿಸಿದಳು.

ಕಬ್ಬು ಕಡಿಯುವ ಒಂದೊಂದು ಗ್ಯಾಂಗಿಗೂ ಒಬ್ಬ ಮುಕಾದಮ ಇರುತ್ತಾನೆ. ಕೆಲಸ ಹಿಡಿಯುವವನು, ಮಂದಿ ಕೂಡಿಸುವವನು ಅವನೇ. ದೊಡ್ಡ ಫೋನು ಇರುವುದೂ ಅವನೊಬ್ಬನ ಹತ್ತಿರ. ಮೊದಲು ಎಲ್ಲ ಮುಕಾದಮರನ್ನೂ ಒಂದು ಗುಂಪಿಗೆ ಹಾಕಿದೆ. ಅದು ಕೆಟ್ಟಿತು. ಬೆಳಗಾದರೆ ಹೂವಿನ ಚಿತ್ರ, ಮಧ್ಯಾಹ್ನ ನಗೆಚಾಟಿಕೆ, ಸಂಜೆಗೆ ಯಾರದೋ ಎತ್ತು ಮಾರಾಟಕ್ಕಿದೆ ಅಂತ. ನನ್ನ ಮಾತು ಕೆಳಗೆಲ್ಲೋ ಹೂತು ಹೋಗುತ್ತಿತ್ತು. ಗುಂಪು ಮುಚ್ಚಿದೆ. ಒಮ್ಮೆ ಬರೆದರೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಮುಟ್ಟುವ ಇನ್ನೊಂದು ದಾರಿ ಅದರಲ್ಲೇ ಇದೆ. ಆದರೆ ಅವರ ಫೋನಿನಲ್ಲಿ ನನ್ನ ನಂಬರು ಹೆಸರು ಹಾಕಿ ಇಟ್ಟುಕೊಂಡಿದ್ದರೆ ಮಾತ್ರ ಅದು ಮುಟ್ಟುತ್ತದೆ. ಪರ ಗಂಡಸರಿಗೆ ಫೋನು ಮಾಡಿ "ನನ್ನ ಹೆಸರು ಬರ್ಕೊಳ್ರಿ" ಅನ್ನುವ ಧೈರ್ಯ ನನಗೆಲ್ಲಿಯದು? ಮುಕಾದಮರ ಹೆಂಡಂದಿರ ಅಕ್ಕತಂಗಿಯರು ಊರಲ್ಲಿದ್ದರು. ಅವರ ಮನೆಗೆ ಹೋಗಿ ಅವರಿಂದ ಹೇಳಿಸಿದೆ. ನಿಧಾನದ ಕೆಲಸ, ಆದರೆ ಒಂದೊಂದೇ ಹೆಸರು ಕೂಡಿತು. ಫಡದಲ್ಲಿ ಟ್ರ್ಯಾಕ್ಟರಿನ ಬ್ಯಾಟರಿಗೆ ಫೋನು ಹಚ್ಚಿ, ಹೊತ್ತು ಇಳಿದ ಮೇಲೆ ಹೆಂಗಸರು ಅದರ ಸುತ್ತ ಕೂತು ನೋಡುತ್ತಾರೆ ಅಂತ ತಿಳಿಯಿತು. ಆ ಹೊತ್ತಿಗೇ ಕಳಿಸುವ ರೂಢಿ ಮಾಡಿಕೊಂಡೆ.

ಎಲ್ಲ ಕೆಟ್ಟದ್ದು ಒಂದು ಫೋಟೊದಿಂದ.

ನಾಮಪತ್ರ ಹಾಕಿದ ದಿನ ಸಣ್ಣಾಯಿ ಜಮಖಂಡಿಯ ಕಚೇರಿಯಲ್ಲಿ ಬೆಳಗಿನಿಂದ ನಿಂತು ನಿಂತು ಹಣ್ಣಾಗಿ ಬಂದಳು. ಸಂಜೆ ಮನೆಯಲ್ಲಿ ಭಜನೆ ಇಟ್ಟಿದ್ದೆವು. ಆಕೆಯನ್ನು ಮಣೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ದೊಡ್ಡ ಚೆಂಡುಹೂವಿನ ಹಾರ, ಮುಂದೆ ದೀಪ, ಊದಿನಕಡ್ಡಿ, ಒಡೆದ ತೆಂಗಿನಕಾಯಿ. ಸುತ್ತ ತಲೆಯ ಮೇಲೆ ಸೆರಗು ಹೊದ್ದ ಹೆಂಗಸರು, ಹಾರ್ಮೋನಿಯಂ, ತಾಳ. ಎರಡನೇ ಪದಕ್ಕೇ ಆಕೆಗೆ ನಿದ್ದೆ ಹತ್ತಿ ತಲೆ ಗೋಡೆಗೆ ವಾಲಿತು. ಸ್ಟುಡಿಯೊದವರು ಅದೇ ಹೊತ್ತಿಗೆ ಫೋಟೊ ಹೊಡೆದರು. ಭಕ್ತಿಯಿಂದ ಕಣ್ಣು ಮುಚ್ಚಿದಂತೆ ಬಹಳ ಛಲೋ ಬಂದಿತ್ತು. ಕೆಳಗೆ "ನಿಮ್ಮ ಮನೆಮಗಳು, ಗುರುತು ಹೊಲಿಗೆ ಯಂತ್ರ" ಅಂತ ಬರೆದು ನಾನು ಎಲ್ಲರಿಗೂ ಕಳಿಸಿದೆ. ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು. ನಮಗೆ ಖುಷಿಯೇ ಖುಷಿ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಮುಂದೆ ದೀಪ ಇಟ್ಟು ಭಜನೆ ಮಾಡುತ್ತಾರೆ. ಇದು ನನಗೆ ಗೊತ್ತಿಲ್ಲವೇ, ಸ್ಟುಡಿಯೊದವರಿಗೆ ಗೊತ್ತಿಲ್ಲವೇ, ಭಜನೆಗೆ ಬಂದ ಅಷ್ಟು ಮಂದಿಗೆ ಗೊತ್ತಿಲ್ಲವೇ? ಎಲ್ಲರಿಗೂ ಗೊತ್ತು. ಆದರೆ ಆಕೆ ಭಜನೆ ಮುಗಿದ ಮೇಲೆ ಎದ್ದು ಚಹಾ ಕುಡಿದದ್ದನ್ನು ನಾವು ನೋಡಿದ್ದೆವಲ್ಲ, ಆದ್ದರಿಂದ ಯಾರಿಗೂ ಹೊಳೆಯಲಿಲ್ಲ. ಇನ್ನೊಂದು ಸಂಗತಿ ನನಗೆ ಆಮೇಲೆ ತಿಳಿಯಿತು. ಆಗಿನ ವಾಟ್ಸಪ್ಪಿನಲ್ಲಿ ಬಂದ ಫೋಟೊವನ್ನು ಇನ್ನೊಬ್ಬರಿಗೆ ದಾಟಿಸಿದರೆ ಕೆಳಗಿನ ಬರಹ ಹಿಂದೆಯೇ ಉಳಿಯುತ್ತಿತ್ತು, ಚಿತ್ರ ಮಾತ್ರ ಹೋಗುತ್ತಿತ್ತು. ನಮ್ಮವರು ಪ್ರೀತಿಯಿಂದ ದಾಟಿಸಿದರು. ಮಾತಿಲ್ಲದ ಫೋಟೊ ಊರೂರು ತಿರುಗಿತು.

ನಮಗೆ ಗೊತ್ತಾದದ್ದು ಹೀಗೆ. ಒಂದು ಮುಂಜಾನೆ ಸಣ್ಣಾಯಿ ಹಿತ್ತಲಲ್ಲಿ ಕುಳ್ಳು ಬಡಿಯುತ್ತಿದ್ದಳು. ಪಕ್ಕದ ಊರಿನ ನಾಲ್ಕಾರು ಹೆಂಗಸರು ಊರ ಬಾಗಿಲ ಅಗಸಿಯಿಂದಲೇ ಅಳುತ್ತ ಬಂದರು. ಕೈಯಲ್ಲಿ ಬುತ್ತಿಯ ಗಂಟು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ಅದಕ್ಕೆ ರೊಟ್ಟಿ, ಪಲ್ಯ ಕಟ್ಟಿಕೊಂಡು ಬಂದಿದ್ದರು. ಸಣ್ಣಾಯಿ ಸೆಗಣಿ ಕೈಯಲ್ಲೇ ಓಡಿ ಬಂದು ಮುಂದಿದ್ದವಳನ್ನು ಮೊಣಕೈಯಿಂದ ತಬ್ಬಿಕೊಂಡು ತಾನೂ ಅಳುವ ದನಿಯಲ್ಲಿ ಕೇಳಿದಳು, "ಯಾರ ಹೋದ್ರ ಬೇ?"

ಆ ಹೆಂಗಸು ಕಣ್ಣೊರೆಸಿಕೊಂಡು ನೋಡಿದಳು. ಮತ್ತೊಮ್ಮೆ ಒರೆಸಿಕೊಂಡು ನೋಡಿದಳು. "ನೀನ ಹೋಗಿದ್ದೆಲ್ಲ ಬೇ!"

ಭಜನೆಯ ಫೋಟೊ ನೋಡಿ ಬಂದೆವೆಂದು ಅವರು ಹೇಳಿದಾಗ ನಾನು ಒಳಗಿನಿಂದ ಫೋನು ತಂದು ತೋರಿಸಿದೆ. ಸಣ್ಣಾಯಿ ಫೋಟೊ ನೋಡಿದಳು, ಬಿದ್ದು ಬಿದ್ದು ನಕ್ಕಳು. ಬಂದವರು ಗಂಟು ಹಿಡಿದು ನಿಂತೇ ಇದ್ದರು.

"ಇದನ್ನೇನ ಮಾಡೂದು ಈಗ? ಹೊಳ್ಳಿ ಒಯ್ಯಾಕ ಬರೂದಿಲ್ಲ."

"ಯಾಕ ಒಯ್ತೀರಿ, ಕುಂದರ್ರಿ, ಕೂಡಿ ಉಣ್ಣೂಣು. ಸತ್ತಾಕಿ ತನ್ನ ಬುತ್ತಿ ತಾನ ಉಂಡಳಂತ ನಾಳೆ ನಾಕ ಮಂದಿಗೆ ಹೇಳಾಕರ ಬರತೈತಿ."

ನಗು ಮಧ್ಯಾಹ್ನದ ತನಕ ನಡೆಯಿತು. ಆಮೇಲೆ ಬೀಳಗಿ ಕಡೆಯ ಮುಕಾದಮರೊಬ್ಬರ ಬರಹ ಬಂತು: "ಸುದ್ದಿ ತಿಳೀತು. ಹೆಣ್ಣಮಕ್ಕಳು ಭಾಳ ಅತ್ರು. ಇನ್ನ ಕೆಲಸ ಬಿಟ್ಟು ಬಂದು ಏನ ಮಾಡೂದು, ನಾವು ಬರೂದಿಲ್ಲ." ಸಂಜೆಯೊಳಗೆ ಮುಧೋಳ ಕಡೆಯ ಗ್ಯಾಂಗುಗಳದ್ದೂ ಅದೇ ಮಾತು. ಆಗ ನಗು ನಿಂತಿತು. ಮತದಾನಕ್ಕೆ ಉಳಿದದ್ದು ಕೆಲವೇ ದಿನ.

ಮೊದಲು ಬರೆದು ಕಳಿಸಿದೆ: ಸುದ್ದಿ ಸುಳ್ಳು, ಅಭ್ಯರ್ಥಿ ಆರೋಗ್ಯವಾಗಿದ್ದಾರೆ. ಫಡದ ಹೆಂಗಸರಿಗೆ ಓದಲು ಬಾರದು. ಓದಿದ ಮುಕಾದಮರು, "ಓಟಿಗಾಗಿ ಹಿಂಗ ಬರಸ್ಯಾರ" ಅಂದರಂತೆ. ಆಮೇಲೆ ನಗುತ್ತಿರುವ ಹೊಸ ಫೋಟೊ ಹೊಡೆಸಿ ಕಳಿಸಿದೆ. "ಹಳೇ ಫೋಟೊ ಇರಬೇಕು, ಪಾಪ, ಹೆಂಗ ನಗತಿದ್ದಳು" ಅಂತ ಮತ್ತೆ ಅತ್ತರು. ವಿಡಿಯೊ ಮಾಡಿದೆವು. ಕಬ್ಬಿನ ನಡುವೆ ಸಿಗ್ನಲ್ ಎಲ್ಲಿ? ಅದು ಗಾಲಿಯ ಹಾಗೆ ಸುತ್ತುತ್ತ ಅಲ್ಲೇ ನಿಂತಿತು. ಫೋನು ಮಾಡಿದರೆ ಹತ್ತುವುದಿಲ್ಲ, ಹತ್ತಿದರೆ ಕೇಳುವುದಿಲ್ಲ.

ಧ್ವನಿಯ ಮೆಸೇಜು ಸಣ್ಣದು, ಹೇಗಾದರೂ ದಾಟುತ್ತದೆ ಅಂತ ನಿಮ್ಮಮ್ಮ ಹೇಳಿದಳು. ಸಣ್ಣಾಯಿಯಿಂದಲೇ ಮಾತಾಡಿಸಿದೆವು. ಆದರೆ ಊರೂರು ತಿರುಗಿ ಆಕೆಯ ಗಂಟಲು ಪೂರ್ತಿ ಕಟ್ಟಿತ್ತು. "ನಾನು ಬದುಕೇನಿ, ಬರ್ರೆವ್ವಾ" ಅಂದದ್ದು ಬಾವಿಯ ತಳದಿಂದ ಬಂದ ಹಾಗಿತ್ತು. ಒಂದು ಫಡದಲ್ಲಿ ಅದನ್ನು ಕೇಳಿ ಮಕ್ಕಳು ಹೆದರಿ ಅತ್ತವಂತೆ. ಮುಕಾದಮರ ಹೆಂಡತಿ ಫೋನಿಗೇ ಭಂಡಾರದ ಅರಿಸಿನ ಹಚ್ಚಿ ದೃಷ್ಟಿ ತೆಗೆದಳಂತೆ.

ನನ್ನ ಮೈದುನ, ಸಣ್ಣಾಯಿಯ ಗಂಡ, ತಲೆಯ ಮೇಲೆ ಕೈ ಹೊತ್ತು ಕೂತ. ಮಾತು ಕಡಿಮೆಯ, ಮರ್ಯಾದೆಗೆ ಅಂಜುವ ಮನುಷ್ಯ. "ವೈನಿ, ಈಗ ನೀವ ಮಾತಾಡ್ರಿ," ಅಂದ. "ನಿಮ್ಮ ದನಿ ಅವರು ಕೇಳ್ಯಾರ. ಬ್ಯಾರೆ ಯಾರ ಹೇಳಿದ್ರೂ ನಂಬಾಂಗಿಲ್ಲ."

ನನ್ನ ದನಿ ಕೇಳಿದವರು ಆ ಹೆಂಗಸರು ಮಾತ್ರ, ಅದೂ ನಾನು ಹೊಲಿಯುವ ಕುಪ್ಪಸಕ್ಕೆ ಅಳತೆ ಕೊಡಲು ಬಂದಾಗ. ಈಗ ಮುಕಾದಮರು, ಡ್ರೈವರುಗಳು, ಎಲ್ಲ ಗಂಡಸರೂ ಕೇಳುತ್ತಾರೆ. ಆದರೆ ಒಂದು ವಿಚಾರ ಬಂತು. ಶುಭದ ಮಾತಿಗೆ ನಾನು ಮುಂದೆ ಬರಬಾರದು, ಸರಿ. ಇದು ಸಾವಿನ ಮಾತು. ಇದಕ್ಕೆ ನನ್ನನ್ನು ಯಾರೂ ಹಿಂದೆ ನಿಲ್ಲು ಅನ್ನುವುದಿಲ್ಲ.

ಫೋನು ಹಿಡಿದು ಪಡಸಾಲೆಯ ಕಂಬಕ್ಕೆ ಆನಿಸಿ ಕೂತೆ. ಆ ಕೆಲಸದ ರೀತಿ ನಿಮಗೆ ಗೊತ್ತು. ಮೈಕಿನ ಗುರುತನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಮಾತಾಡಬೇಕು. ಬೆರಳು ಎಡಕ್ಕೆ ಸರಿಸಿದರೆ ಅಳಿಯುತ್ತದೆ, ಎತ್ತಿದರೆ ಹೋಗುತ್ತದೆ. ನಾನು ಮಾತಾಡಿದೆ, ಸರಿಸಿದೆ. ಮತ್ತೆ ಮಾತಾಡಿದೆ, ಮತ್ತೆ ಸರಿಸಿದೆ. ಪ್ರತಿ ಸಲ ನನ್ನದೇ ದನಿ ಯಾರಿಗೋ ಅರ್ಜಿ ಕೊಡುವವಳ ದನಿಯ ಹಾಗೆ ಕೇಳುತ್ತಿತ್ತು. ಇನ್ನೊಮ್ಮೆ ಅಂತ ಒತ್ತಿದೆ.

"ನಮಸ್ಕಾರ್ರಿ ಎಲ್ಲಾರಿಗೂ. ನಾನು ಆಕಿ ನೆಗೆಣ್ಣಿ ಮಾತಾಡಾಕತ್ತೇನ್ರಿ. ಆಕಿ ಆರಾಮ ಅದಾಳ್ರಿ, ಏನೂ ಆಗಿಲ್ರಿ..."

ಅಷ್ಟರಲ್ಲಿ ಅಡುಗೆಮನೆಯಿಂದ ಸಣ್ಣಾಯಿಯ ಒಡಕು ದನಿ. "ಯಕ್ಕಾ, ಪುಂಡಿಪಲ್ಯಾಕ್ಕ ಉಪ್ಪ ಹಾಕಿಯೇನು?"

"ಹಾಕೇನಿ. ನೀ ಮತ್ತ ಹಾಕಬ್ಯಾಡ."

"ಹಾಕಿಬಿಟ್ನೆಲ್ಲ!"

"ಹಾಕಿದಿ? ಕೇಳಿ ಹಾಕ, ಕೇಳಿ ಹಾಕಂತ ನಿನ್ನ ಮದಿವ್ಯಾದಾಗಿಂದ ಹೇಳಾಕತ್ತೇನಿ!"

"ಕೇಳಿದ್ನೆಲ್ಲ ಈಗ!"

"ಹಾಕಿದ ಮ್ಯಾಲ ಕೇಳಿದ್ರ ಅದು ಕೇಳೂದನ? ಪಲ್ಯಾ ನೋಡಾಕ ಬರೂದಿಲ್ಲ, ತಾಲ್ಲೂಕ ನೋಡಾಕ ಹೊಂಟಾಳ!"

"ನೋಡು, ಊರ ಮಂದಿಗೆಲ್ಲಾ ನಾ ಸತ್ತಾಕಿ. ನಿನ್ನ ಬಾಯಿಂದ ಮಾತ್ರ ಸತ್ತರೂ ನನಗ ಬಿಡುಗಡಿ ಇಲ್ಲ!"

"ಸಾಯಿ ಮತ್ತ! ಸತ್ತ ಮ್ಯಾಲೂ ನನಗ ಉಪ್ಪಿನ ನೀರು ಕುಡಿಸಿ ಹೋಗ್ತಿ ನೀನು!"

ಮೈದುನ ಬಾಗಿಲಲ್ಲಿ ನಿಂತು ಎರಡೂ ಕೈ ಆಡಿಸುತ್ತಿದ್ದ. "ವೈನಿ, ವೈನಿ, ಫೋನು..."

ಆಗ ನೋಡಿದೆ. ನನ್ನ ಹೆಬ್ಬೆರಳು ಮೈಕಿನ ಮೇಲೆಯೇ ಇತ್ತು. ಎಲ್ಲ ಅದರೊಳಗೆ ಹೋಗಿತ್ತು. "ಅಳಸ್ರಿ ವೈನಿ," ಅಂದ ಅವನು ಪಿಸುದನಿಯಲ್ಲಿ, "ಮನಿ ಜಗಳ ಫಡದಾಗ ಕೇಳಸ್ತೀರೇನು? ಮರ್ಯಾದಿ ಹೊಕ್ಕೈತಿ." ಅದೂ ಒಳಗೆ ಹೋಯಿತು.

ನಾನು ಅಷ್ಟು ದೊಡ್ಡ ದನಿಯಲ್ಲಿ ಮಾತಾಡಬಲ್ಲೆ ಅಂತ ಮನೆಯ ಹೊರಗೆ ಒಬ್ಬರಿಗೂ ಗೊತ್ತಿರಲಿಲ್ಲ. ಬೆರಳನ್ನು ಇಷ್ಟೇ ಎಡಕ್ಕೆ ಸರಿಸಿದ್ದರೆ ಮುಗಿಯುತ್ತಿತ್ತು. ಸರಿಸಲು ಹೊರಟೆ. ಆದರೆ ಫಡದಲ್ಲಿ ಬ್ಯಾಟರಿಯ ಸುತ್ತ ಕೂತ ಆ ಹೆಂಗಸರು ಕಣ್ಣ ಮುಂದೆ ಬಂದರು. ಅವರಲ್ಲಿ ಅರ್ಧ ಮಂದಿಗೆ ನೆಗೆಣ್ಣಿಯರಿದ್ದಾರೆ. ಫೋಟೊ ಹಳೆಯದೆನ್ನಬಹುದು, ಬರಹ ಬರೆಸಿದ್ದೆನ್ನಬಹುದು. ಸತ್ತವಳ ಜೊತೆ ಉಪ್ಪಿಗಾಗಿ ಯಾರು ಜಗಳಾಡುತ್ತಾರೆ?

ಬೆರಳು ಎತ್ತಿದೆ.

ಮೈದುನ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಸಣ್ಣಾಯಿ ಹೊರಗೆ ಬಂದು ಸಂಗತಿ ಕೇಳಿ, "ನೀ ನನಗ 'ತಾಲ್ಲೂಕ ನೋಡಾಕ ಹೊಂಟಾಳ' ಅಂದದ್ದೂ ಹೋತೇನು?" ಅಂದಳು. "ಹೋತು" ಅಂದೆ. "ಹೋಗ್ಲಿ ತಗೊ" ಅಂದು ಆ ಪಲ್ಯಕ್ಕೆ ನೀರು ಹಾಕಿ ಕುದಿಸಲು ಹೋದಳು.

ಹೊತ್ತು ಮುಳುಗುವಾಗ ಮೊದಲ ಉತ್ತರ ಬಂತು. ಅದೂ ಧ್ವನಿಯೇ. ಬರೀ ನಗು. ಒಬ್ಬಳದಲ್ಲ, ಒಂದು ಹಿಂಡಿನದೇ. ನಗುವಿನ ನಡುವೆ ಒಬ್ಬಳು, "ಏ, ಇನ್ನೊಮ್ಮಿ ಹಚ್ಚ, ಉಪ್ಪಿಂದ ಹಚ್ಚ," ಅನ್ನುತ್ತಿದ್ದಳು. ಆಮೇಲೆ ಇನ್ನೊಂದು ಫಡದಿಂದ: "ಯಕ್ಕಾ, ನಿನಗ ಬಾಯಿ ಐತೇನ ಬೇ? ನಾವು ಮೂಕಿ ಅಂತ ತಿಳದಿದ್ವಿ!" ಮತ್ತೊಬ್ಬಳು ಸಣ್ಣಾಯಿಗೇ ಬೈದಳು: "ಅಕ್ಕನ ಮಾತ ಕೇಳಬೇಕು, ಕೇಳಿ ಉಪ್ಪ ಹಾಕಬೇಕು." ಅದಕ್ಕೆ ಸಣ್ಣಾಯಿ ತನ್ನ ಒಡಕು ದನಿಯಲ್ಲೇ ತಿರುಗಿ ಬೈದಳು; ಈಗ ಆ ದನಿಗೆ ಯಾರೂ ಹೆದರಲಿಲ್ಲ. ಮತದಾನದ ತನಕ ದಿನಾ ಸಂಜೆ ಇದೇ ನಡೆಯಿತು. ನಾನು ಪೋಸ್ಟರು, ಫೋಟೊ ಕಳಿಸುವುದನ್ನು ಬಿಟ್ಟೆ. ಅವರು ಕೇಳುತ್ತಿದ್ದರು: ಮಕ್ಕಳ ವಸತಿಯಲ್ಲಿ ಅಡುಗೆ ಯಾರು ಮಾಡುವವರು, ಹೆಣ್ಣುಹುಡುಗಿಯರಿಗೆ ಮಲಗಲು ಬೇರೆ ಕೋಲಿ ಇರುತ್ತದೆಯೇ, ಜ್ವರ ಬಂದರೆ ಯಾರು ನೋಡುತ್ತಾರೆ. ಗೊತ್ತಿದ್ದದ್ದಕ್ಕೆ ಉತ್ತರ ಕೊಟ್ಟೆವು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದೆವು. ಅಲ್ಲಿಯ ತನಕ ನಾನು ಕಳಿಸುತ್ತಿದ್ದೆ, ಅವರು ನೋಡುತ್ತಿದ್ದರು, ಅಷ್ಟೇ. ಮಾತು ಎರಡೂ ಕಡೆಯಿಂದ ಹರಿದಾಗಲೇ ಆ ಫೋನು ಕೆಲಸಕ್ಕೆ ಬಂತು ಅಂತ ನನಗೆ ಅನಿಸುತ್ತದೆ.

ಆದರೂ ಬರುತ್ತೇವೆ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬೀಳಗಿ ಕಡೆಯ ಗ್ಯಾಂಗಿನಲ್ಲಿ ಒಬ್ಬ ಮುದುಕಿ ಇದ್ದಳು, ಆಕೆಯ ಮಾತು ಯಾರೂ ಮೀರುವುದಿಲ್ಲ. "ಕಿವೀಲೆ ಕೇಳಿದ್ದು ಅರ್ಧ, ಕಣ್ಣೀಲೆ ಕಂಡ ಮ್ಯಾಲ ಪೂರಾ" ಅಂತ ಆಕೆ ಅಂದದ್ದು ಮಾತ್ರ ನಮಗೆ ಮುಟ್ಟಿತ್ತು.

ಮತದಾನದ ದಿನ ಮಧ್ಯಾಹ್ನ ದಾಟಿತು. ಸಾಲಿಯ ಮುಂದೆ ಊರ ಮಂದಿಯಷ್ಟೇ. ನಾನು ರಸ್ತೆಯ ಬೇವಿನ ಗಿಡದ ಕೆಳಗೆ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ನೆರಳು ಉದ್ದವಾಗತೊಡಗಿದಾಗ ದೂಳು ಕಾಣಿಸಿತು. ಒಂದರ ಹಿಂದೆ ಒಂದು ಟ್ರ್ಯಾಕ್ಟರು, ಕಬ್ಬಿನ ರವದಿಯ ಒಣ ಗರಿ ಇನ್ನೂ ಅಂಟಿಕೊಂಡಿದ್ದ ಟ್ರೇಲರಿನಲ್ಲಿ ಹೆಂಗಸರು, ಮಕ್ಕಳು. ಮುಕಾದಮರೇ ತಮ್ಮ ಮಂದಿಯನ್ನು ಕೂಡಿಸಿ ತಂದಿದ್ದರು.

ಇಳಿದವರು ಪಾಳಿ ಹಚ್ಚಲಿಲ್ಲ. ಮುದುಕಿ ರಸ್ತೆಯಲ್ಲೇ ಕೂತುಬಿಟ್ಟಳು. "ಮೊದಲ ಆಕಿನ್ನ ತೋರಸ್ರಿ. ಆಮ್ಯಾಲ ಓಟು."

"ಹೊತ್ತಾತ ಯಮ್ಮಾ, ಬಾಗಿಲಾ ಹಾಕ್ತಾರ!" ಅಂದರು ಮುಕಾದಮರು.

"ಹಾಕ್ಲಿ."

ನಾನು ಓಡಿದೆ. ಜೀವಮಾನದಲ್ಲಿ ಊರ ರಸ್ತೆಯಲ್ಲಿ ಸೆರಗು ಜಾರಿದ್ದು ಲೆಕ್ಕಿಸದೆ ಓಡಿದ್ದು ಅದೊಂದೇ ಸಲ. ಸಣ್ಣಾಯಿಯನ್ನು ಕೈ ಹಿಡಿದು ಎಳೆದು ತಂದೆ. ಸಾಲಿಯಿಂದ ದೂರ ಸುಣ್ಣದ ಗೆರೆ ಎಳೆದಿದ್ದರು, ಅದರ ಒಳಗೆ ಪ್ರಚಾರ ಮಾಡುವಂತಿಲ್ಲ. ಪೊಲೀಸರೊಬ್ಬರು ಕೋಲು ಅಡ್ಡ ಹಿಡಿದು, "ಇಲ್ಲೇ ನಿಂದರ್ರಿ ಅಕ್ಕಾರ, ಓಟಿನ ಮಾತ ಒಂದೂ ಆಡಂಗಿಲ್ಲ" ಅಂದರು. "ಆಡೂದಿಲ್ರಿ" ಅಂದಳು ಸಣ್ಣಾಯಿ. ಗೆರೆಯ ಹೊರಗೆ ನಿಂತು, ಸೊಂಟಕ್ಕೆ ಕೈ ಕೊಟ್ಟು, ಒಬ್ಬೊಬ್ಬರ ಹೆಸರು ಹಿಡಿದು ಕರೆಯತೊಡಗಿದಳು. "ಏ ಶಾಂತವ್ವ, ಕೂಸಿಗೆ ಹಲ್ಲ ಬಂದಾವೇನು? ಏ ಕಸ್ತೂರಿ, ಅಂಗಾಲಿನ ಗಾಯ ಮಾಯೇತಿಲ್ಲೊ? ರೇಣುಕಾ, ನನಗ ಉಪ್ಪಿನ ಪಾಠಾ ಹೇಳಾಕಿ, ಬಾ ಇಲ್ಲೆ!"

ಮುದುಕಿ ಎದ್ದು ಬಂದಳು. ಕಬ್ಬು ಕಡಿಯುವ ಕೊಯ್ತಾ ಹಿಡಿದು ಜಡ್ಡುಗಟ್ಟಿದ ಬೆರಳುಗಳಿಂದ ಸಣ್ಣಾಯಿಯ ತೋಳನ್ನು ಜಿಗುಟಿದಳು. ಸಣ್ಣಾಯಿ "ಅಯ್ಯಯ್ಯಪ್ಪಾ!" ಅಂತ ಕಿರುಚಿದಳು.

ಮುದುಕಿ ತಿರುಗಿ ತನ್ನ ಮಂದಿಗೆ ಹೇಳಿದಳು, "ಮೈ ಬಿಸಿ ಐತಿ. ನಡೀರಿ, ಪಾಳಿ ಹಚ್ಚರಿ."

ಬಾಗಿಲು ಮುಚ್ಚುವ ಹೊತ್ತಿಗೆ ಸಾಲು ಅಂಗಳ ದಾಟಿ ಬಾವಿಯ ತನಕ ಇತ್ತು. ಪಾಳಿಯಲ್ಲಿ ಇದ್ದವರಿಗೆಲ್ಲ ಅಧಿಕಾರಿಗಳು ಚೀಟಿ ಕೊಟ್ಟು ಒಳಗೆ ಬಿಟ್ಟರು.

ಸಣ್ಣಾಯಿ ಸ್ವಲ್ಪದರಲ್ಲೇ ಗೆದ್ದಳು. ವಸತಿ ಒಮ್ಮೆಲೇ ಆಗಲಿಲ್ಲ. ಜಮಖಂಡಿ, ಬಾಗಲಕೋಟೆ ಅಂತ ಆಕೆಯ ಚಪ್ಪಲಿ ಸವೆದವು. ಕೊನೆಗೆ ಸಾಲಿಯ ಹಳೆಯ ಎರಡು ಕೋಲಿಗಳಲ್ಲಿ ಸುರುವಾಯಿತು. ಮುಂದಿನ ಹಂಗಾಮಿಗೆ ಟ್ರ್ಯಾಕ್ಟರುಗಳು ಹೊರಟಾಗ ಅಂಗಳದಲ್ಲಿ ಮಕ್ಕಳು ನಿಂತು ಕೈ ಮಾಡಿದವು. ತಾಯಂದಿರು ಅಗಸಿ ದಾಟುವ ತನಕ ಹಿಂದೆ ತಿರುಗಿ ನೋಡುತ್ತಲೇ ಇದ್ದರು. ಒಳ್ಳೆಯದೇ ಆಯಿತು ಅಂತ ಗೊತ್ತಿದ್ದರೂ ನಾನೂ ಸಣ್ಣಾಯಿಯೂ ಆ ದಿನ ಸರಿಯಾಗಿ ಉಣ್ಣಲಿಲ್ಲ.

ಇಷ್ಟೇ ನಾನು ಮಾಡಿದ ಕೆಲಸ. ಆ ಫೋನು ಆಮೇಲೆ ನೀರಿಗೆ ಬಿದ್ದು ಕೆಟ್ಟಿತು, ಅದರೊಳಗಿನ ನಗು, ಬೈಗಳು ಯಾವುದೂ ಈಗ ಎಲ್ಲಿಯೂ ಇಲ್ಲ. ಈ ಹಾಳೆಗಳಿವೆ. ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಬೇವಿನ ಎಲೆ ಹಾಸಿ ಇಟ್ಟಿರುತ್ತೇನೆ. ಗೌರಿ, ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ತೆಗೆದು ಬಿಸಿಲು ತೋರಿಸು. ಸಿದ್ದು, ನುಸಿ ಹತ್ತಿದರೆ ಬೇರೆ ಹಾಳೆಗೆ ಇಳಿಸಿ ಬರಿ. ಇಬ್ಬರೂ ಕೂಡಿ ಜತನ ಮಾಡಿರಿ.